ಬೆನ್ನಿಗೆ ಬರೆದ ಬಾಕಿ

ನಸುಕಿನ ಐದೂವರಿ. ನವನಗರ ಬಸ್‌ಸ್ಟ್ಯಾಂಡಿನಾಗ
ಮಷೀನಿಗೆ ಹೊಸಾ ಕಾಗದದ ಸುರಳಿ ಹಾಕತೇನಿ,
ಚಿಲ್ಲರಿ ಎಣಸತೇನಿ, ಸೀಟಿ ಮ್ಯಾಲೆ
ಒಂದ ಚಣ ಬಟ್ಟು ಇಡತೇನಿ.
ಅದ ನನ್ನ ಪ್ರಾರ್ಥನಿ.
ಕಣ್ಣ ಮುಚ್ಚಾಕ ಆಗೂದಿಲ್ಲ; ಮುಚ್ಚಿದರ
ಶಿರೂರದ ಹಾಲಿನವ ಟಿಕೆಟ್ ಇಲ್ಲದ ಹತ್ತತಾನ.

ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೀತೇನಿ,
ಎಂಟು, ಮೂರು, ಹದಿನೈದು.
ಇಳಿಯೂಮುಂದ ಇಸಕೋರಿ, ಅಂತೇನಿ.
ಅರ್ಧಾ ಮಂದಿ ಮರೀತಾರ.
ಮರೆತದ್ದು ನನ್ನ ಚೀಲದಾಗ ಉಳೀತೈತಿ.
ಹನ್ನೊಂದು ವರ್ಷ ಅದರಾಗ ಚಾ ಕುಡದೇನಿ,
ಮಗಳಿಗೆ ಪಾಟಿಚೀಲ ತಂದೇನಿ,
ಸುಳ್ಳ್ಯಾಕ ಹೇಳಲಿ, ರಜಾ ಸಿಕ್ಕ ರವಿವಾರ
ಗುಡಿಯ ಕಾಣಿಕಿ ಚೀಲಕ್ಕೂ ಹಾಕೇನಿ,
ತಲಿ ತುಂಬ ಸೆರಗ ಹೊತ್ತು, ಭಕ್ತಿಲೆ.

ಶುಭ ಶುಕ್ರವಾರದ ಹಿಂದಿನ ದಿನ.
ಖಣದ ಗಂಟು ಹೊತ್ತ ಅಜ್ಜ ಒಬ್ಬಾಂವ
ಹಣಿ ತುಂಬ ಇಬತ್ತಿ, ಕೈ ತುಂಬ ಬಣ್ಣದ ಕಲಿ,
ಫುಟ್‌ಬೋರ್ಡಿನ ಮ್ಯಾಲೆ ನಿಂತು ಹತ್ತರ ನೋಟು ಚಾಚಿದ.
ನಿನ್ನಿ ಹೆಚ್ಚಿಗಿ ಕೊಟ್ಟಿದ್ದಿ ತಂಗಿ,
ಮನಿಗಿ ಹೋಗಿ ಎಣಿಸಿದೆ.
ಅಷ್ಟ ಹೇಳಿ ಇಳದ. ಅವಂಗ ಇವತ್ತು ಎಲ್ಲಿಗೂ ಹೋಗೂದಿರಲಿಲ್ಲ.
ಅದನ್ನ ಕೊಡಾಕ ಅಂತ ಬಂದಿದ್ದ.

ಮರುದಿನ ಗುಡಿಯಾಗ ಮೂರು ತಾಸು ಕುಂತೆ.
ಅಯ್ಯನೋರು ಶಿಲುಬಿ ಬಗ್ಗೆ ಹೇಳಿದರು.
ನನ್ನ ಕಿವ್ಯಾಗ ಹತ್ತರ ನೋಟು ಸರ್‌ಸರ್ ಅಂತಿತ್ತು.

ಆಮ್ಯಾಲೆ ಒಂದು ವಹಿ ಹೊಲದೆ.
ಕನ್ನಡಕದ ಮಾಸ್ತರ, ಐದು.
ಮೇಕೆ ಮರಿ ಹಿಡದ ಹುಡುಗ, ಎರಡು.
ಕೆಮ್ಮುವಾಂವ, ಕಿಡಕಿ ಬಾಜೂ, ಹನ್ನೆರಡು.
ಕೊಡಾಕ ಹ್ವಾದರ ಮಂದಿ ನಗತಾರ.
ಒಬ್ಬ ಸಂಶೇದ ಮಾರಿ ಮಾಡಿ ಎರಡು ಸಲ ಎಣಿಸಿದ.
ಆ ಹುಡುಗ, ಎರಡಲ್ಲ ಇಪ್ಪತ್ತು, ಅಂದ. ಜಗಳಾಡಿದೆ.
ಯೇಸುವಿನ ಹಿಂದ ನಡಿಯೂದು ಅಂದರ
ಇಷ್ಟ ಕಿರಿಕಿರಿ ಅಂತ ರವಿವಾರದ ಶಾಲ್ಯಾಗ ಯಾರೂ ಹೇಳಿರಲಿಲ್ಲ.

ಡ್ರೈವರ್ ದಾವಲಸಾಬಗ ಇದೆಲ್ಲಾ ಚೇಷ್ಟಿ.
ಯಾರ ಹೇಳ್ಯಾರ ಬೇ ನಿನಗ ಇದನ್ನ?
ಒಬ್ಬಾಂವ ಹೇಳ್ಯಾನ.
ಅವನೂ ಡ್ಯೂಟಿ ಮ್ಯಾಲೆ ಇದ್ದನೇನು?
ಇದ್ದ. ನಡಕೋತ ತಿರುಗೂ ಡ್ಯೂಟಿ.
ಹಂಗಾರ ಹೇಳಿರಬೇಕ ಬಿಡು, ಅಂದು ಗೇರ್ ಹಾಕಿದ.

ಹೆಣ್ಮಕ್ಕಳಿಗೆ ಸೊನ್ನಿ ಟಿಕೆಟ್.
ಸೊನ್ನಿ ಆದರೂ ಹರದು ಕೊಡಬೇಕ,
ಅವರು ಕೈಯಾಗ ಹಿಡದು ಕುಂಡ್ರಬೇಕ.
ಕಾಯಿಪಲ್ಲೆ ಬುಟ್ಟಿ ನೀಲವ್ವ ದಿನಾ ತಕರಾರ ತೆಗೀತಾಳ:
ಪುಕ್ಕಟ ಅಂದಮ್ಯಾಲೆ ಚೀಟಿ ಯಾಕವಾ?
ಒಂದಿನ ಬ್ಯಾಸರಕ್ಕ ಬಾಯಿಗೆ ಬಂದದ್ದ ಅಂದೆ,
ನಿನಗ ಪುಕ್ಕಟ ಬೇ, ಯಾರೋ ಕಟ್ಟ್ಯಾರ.
ಅಂದು, ಕಂಬಿ ಹಿಡಕೊಂಡು
ಅಲ್ಲೇ ನಿಂತುಬಿಟ್ಟೆ.
ಮುಂದಿನ ಸ್ಟಾಪಿಗೆ ಸೀಟಿ ಊದೂದ ಮರತೆ.
ಇಬ್ಬರು ಬೈದರು.

ರವಿವಾರ ಡ್ಯೂಟಿ ಇದ್ದರ
ಎರಡನೇ ಗಂಟಿ ಹೊಡಿಯೂ ಹೊತ್ತಿಗೆ ಗುಳೇದಗುಡ್ಡ ಬರತೈತಿ.
ದಾವಲಸಾಬ ಏನೂ ಮಾತಾಡದ ಇಂಜಿನ್ ಆರಸತಾನ.
ಬೇವಿನ ಗಿಡದಾಚೆ ಪೆಟ್ಟಿಗಿಯ ಸ್ವರ,
ಹಿಂದಿನ ಸೀಟಿನಾಗ ಕೂಸಿನ ಅಳು,
ಯಾರೋ ಶೇಂಗಾ ಸುಲಿಯೂ ಸಪ್ಪಳ.
ಒಂದ ಮಿನಿಟು. ಕೆಲವೊಮ್ಮೆ ಅಷ್ಟೂ ಇಲ್ಲ.
ರೈಟ್, ಅಂತೇನಿ.

ವಹಿಯಾಗ ಇನ್ನೂ ಹನ್ನೊಂದು ವರ್ಷದ್ದು ಬರದಿಲ್ಲ.
ಬರಿಯಾಕ ಮಾರಿಗಳು ನೆನಪಿಲ್ಲ.
ಅದಕ್ಕ ಎರಡು ಹಾಳಿ ಖಾಲಿ ಬಿಟ್ಟೇನಿ,
ದಿನಾ ಅದನ್ನ ತೆರದು ತೋರಸತೇನಿ, ಮಂದಿಗಲ್ಲ.
ಖಣದ ಅಜ್ಜ ಮತ್ತ ಹತ್ತಲಿಲ್ಲ.
ಅವನ ಹೆಸರೂ ಕೇಳಿರಲಿಲ್ಲ ನಾನು.
ಖಣದ ಗಂಟು ಕಂಡಾಗೊಮ್ಮೆ ಹೊತ್ತವರ ಮಾರಿ ನೋಡತೇನಿ,
ಒಂದಿಷ್ಟು ಹೆಚ್ಚಿಗಿ ಹೊತ್ತು.